ಹಲಗೆ ಕಳಿಸುತ್ತಿದ್ದೇನೆ

ಮೈಸೂರು
ಭಾನುವಾರ ರಾತ್ರಿ

ಚಿ. ಸೌ. ಶುಭಾಳಿಗೆ ಆಶೀರ್ವಾದಗಳು.

ನಿನ್ನೆ ಮಾತಿನ ಮಧ್ಯೆಯೇ ಫೋನಿಟ್ಟೆ. ಕೋಪ ಬಂದಿತ್ತು. ಈಗ ಇಳಿದಿದೆ, ಪೂರ್ತಿ ಅಲ್ಲ. ನಾಳೆ ಅಳಿಯಂದಿರು ಬಂದಾಗ ಟ್ರಂಕನ್ನು ಕಾರಿಗೆ ಹಾಕಿಸುತ್ತೇನೆ. ನಿಮ್ಮಮ್ಮನ ವರ್ಷಾಬ್ದಿಕ ಆಯಿತಲ್ಲ, ಈ ಸಲ ದಸರಾ ಹಬ್ಬಕ್ಕೆ ಅಡ್ಡಿಯಿಲ್ಲ. ಇನ್ನು ಮುಂದೆ ಗೊಂಬೆ ಕೂರುವುದು ನಿನ್ನ ಮನೆಯಲ್ಲೇ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಆದರೆ ಮೆಟ್ಟಿಲಿನ ಮಾತು ಬೇರೆ. ಮಡಚುವ ಸ್ಟೀಲಿನದು ಆನ್‌ಲೈನಿನಲ್ಲಿ ಸಿಗುತ್ತೆ, ಹಲಗೆ ಬೇಡ, ಯಾವ ಕಾಲದಲ್ಲಿದ್ದೀಯಪ್ಪಾ ಅಂದೆ. ಗೊಂಬೆ ನಿಮ್ಮಮ್ಮನ ಇಲಾಖೆ, ಮೆಟ್ಟಿಲು ನನ್ನದು. ಅದರಲ್ಲಿ ಅವಳೂ ಬಾಯಿ ಹಾಕುತ್ತಿರಲಿಲ್ಲ.

ನಿನಗೆ ಐದು ವರ್ಷವಿದ್ದಾಗಿನ ಸಂಗತಿ ನಿನಗೆ ನೆನಪಿರಲಾರದು. ಆರತಿ ಆಯಿತು, ಬೀದಿಯ ಮಕ್ಕಳೆಲ್ಲ ಗೊಂಬೆ ಬಾಗಿನ ಇಸಿದುಕೊಂಡು ಹೋದರು, ನೀನು ಇಲ್ಲ. ಎದುರುಮನೆ, ಹಿಂದಿನ ಬೀದಿ, ದೇವಸ್ಥಾನದ ಬಾವಿಯವರೆಗೂ ಹೋಗಿ ಬಂದೆ. ಕೊನೆಗೆ ಸಿಕ್ಕಿದ್ದು ಮೆಟ್ಟಿಲ ಕೆಳಗೆ. ಇಳಿಬಿಟ್ಟ ಬಿಳಿ ಪಂಚೆಯ ಹಿಂದೆ, ಇಟ್ಟಿಗೆಗೆ ತಲೆ ಕೊಟ್ಟು ಮಲಗಿದ್ದೆ, ಕೈಯಲ್ಲಿ ಅರ್ಧ ತಿಂದ ಕೋಡುಬಳೆ. ಎಲ್ಲರೂ ನಕ್ಕರು. ನಾನು ಮೇಲೆ ನೋಡುತ್ತಿದ್ದೆ. ಏಳು ಹಲಗೆ, ಅದರ ಮೇಲೆ ಮಣ್ಣಿನ ದಶಾವತಾರ ಪೂರ್ತಿ. ನಿದ್ದೆಯಲ್ಲಿ ಒಂದು ಸಲ ಕಾಲು ಝಾಡಿಸಿದ್ದರೆ?

ಮರುವರ್ಷದಿಂದ ಇಟ್ಟಿಗೆ ಬಿಟ್ಟೆ. ಟ್ರಂಕು, ಮರದ ಪೆಟ್ಟಿಗೆ, ಪ್ರತಿ ಹಲಗೆಗೂ ಎರಡೂ ತುದಿಯಲ್ಲಿ ಹಗ್ಗ. ಹಿಂಭಾಗ ಗೋಡೆಗೆ ಒತ್ತಿರಬೇಕು, ಪಕ್ಕದ ಸಂದು ಮುಚ್ಚಿರಬೇಕು. ಈಗ ಪುಟ್ಟಿಗೆ ಐದು ತುಂಬುತ್ತಿದೆ. ನಿನ್ನ ಸ್ಟೀಲಿನ ಮೆಟ್ಟಿಲ ಕೆಳಗೆಲ್ಲ ಬಟ್ಟಬಯಲು, ಮಗು ನುಗ್ಗದೆ ಇರುತ್ತಾಳೆಯೇ? ನುಗ್ಗಿ, ಎದ್ದು ನಿಂತು, ತಲೆ ತಾಗಿಸಿದರೆ? ನಿನ್ನೆ ರಾತ್ರಿ ಎರಡು ಸಲ ಎದ್ದು ನೀರು ಕುಡಿದೆ. ನಗಬೇಡ.

ಉಳಿದದ್ದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ಮೆಟ್ಟಿಲು ಬೆಸಸಂಖ್ಯೆಯಲ್ಲೇ ಇರಲಿ. ಫ್ಲಾಟಿನ ಹಾಲಿಗೆ ಐದು ಸಾಕು. ಮೇಲೆ ಕಲಶ, ಪಟ್ಟದ ಗೊಂಬೆ. ಈ ರಾಜ ರಾಣಿ ನಿಮ್ಮಜ್ಜಿ ನಿಮ್ಮಮ್ಮನ ಮದುವೆಯಲ್ಲಿ ಕೊಟ್ಟದ್ದು, ರಕ್ತಚಂದನದ್ದು. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮಣ್ಣಿನವಕ್ಕೆ ಒದ್ದೆಬಟ್ಟೆ ತಾಗಿಸಿದೆಯೋ ಬಣ್ಣ ಬಟ್ಟೆಗೆ ಬರುತ್ತದೆ; ಮೆತ್ತನೆಯ ಬ್ರಷ್ಷು ಹಿಡಿ. ಚನ್ನಪಟ್ಟಣದವು ಅರಗಿನ ಬಣ್ಣದವು, ಅವು ಪುಟ್ಟಿಯ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಶೆಟ್ಟಿ ದಂಪತಿ ಕೊನೇ ಮೆಟ್ಟಿಲಲ್ಲಿ, ಮುಂದೆ ನಿಜವಾದ ಅಕ್ಕಿ ಬೇಳೆ. ಜಂಬೂಸವಾರಿಯ ಆನೆಗೆ ಒಂದೇ ಕಿವಿ, ಆ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸು. ಗೊಂಬೆಗಳ ಜೊತೆ ಮಾಡುವ ಪುಟ್ಟ ಪಾರ್ಕಿನ ಹಸಿರಿಗೆ ರಾಗಿಯನ್ನು ರಾತ್ರಿ ನೆನೆಹಾಕಿ, ಪಾಡ್ಯಕ್ಕೆ ಒಂದು ವಾರ ಮುಂಚೆ ತಟ್ಟೆಯ ಮಣ್ಣಿನಲ್ಲಿ ಚೆಲ್ಲು. ನೀರು ಚಿಮುಕಿಸು, ಸುರಿಯಬೇಡ, ಕೊಳೆಯುತ್ತದೆ. ದೀಪ ಬಟ್ಟೆಯಿಂದ ಒಂದು ಮಾರು ದೂರ. ಸೀರಿಯಲ್ ಸೆಟ್ಟನ್ನು ಮಲಗುವ ಮುಂಚೆ ಆರಿಸು. ಪುಟ್ಟಿಗೆ ಮೊಬೈಲ್ ಕೊಟ್ಟು ಕೂರಿಸಬೇಡ, ಅವಳಿಂದಲೇ ಜೋಡಿಸಿಸು. ದಸರಾ ರಾಜ ಒಡೆಯರ ಕಾಲದಲ್ಲಿ, 1610ರಲ್ಲಿ, ಶ್ರೀರಂಗಪಟ್ಟಣದಲ್ಲಿ ಶುರುವಾದದ್ದೆಂದು ಹೇಳು, ಈಗಿನ ಮಕ್ಕಳಿಗೆ ಮೈಸೂರಿನದು ಮಾತ್ರ ಗೊತ್ತು.

ಉಪದೇಶ ಜಾಸ್ತಿಯಾಯಿತು. ಆಫೀಸು, ಮಗು, ಮನೆ ಎಲ್ಲ ತೂಗಿಸಿಕೊಂಡು "ಈ ವರ್ಷ ನಾನೇ ಕೂರಿಸ್ತೀನಿ" ಅಂದೆಯಲ್ಲ, ಅದನ್ನು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ಹತ್ತಿರ ಮಾತ್ರ ಹೇಳಲಿಲ್ಲ, ಕೂಗಾಡಿದೆ. ಬೇಜಾರು ಮಾಡಿಕೊಳ್ಳಬೇಡ.

ಐದು ಹಲಗೆ ಕಾರಿನ ಮೇಲೆ ಕಟ್ಟಿಸುತ್ತೇನೆ. ಅಳಿಯಂದಿರು ಸಂಕೋಚಪಟ್ಟು ಬೇಡವೆನ್ನಬಹುದು, ನೀನೇ ಫೋನು ಮಾಡಿ ಹೇಳಿಬಿಡು. ಆ ಸ್ಟೀಲಿನದು ಆಗಲೇ ತರಿಸಿದ್ದರೆ ವಾಪಸು ಕಳಿಸು, ಇಲ್ಲವಾದರೆ ಬಾಲ್ಕನಿಯಲ್ಲಿ ಹೂಕುಂಡ ಇಡಲು ಆಗುತ್ತದೆ. ಮಹಾಲಯ ಅಮಾವಾಸ್ಯೆ ದಿನ ತರ್ಪಣ ಮುಗಿಸಿ ಮಧ್ಯಾಹ್ನದ ರೈಲು ಹತ್ತುತ್ತೇನೆ. ನಾನು ಬರುವವರೆಗೆ ಹಲಗೆ ಜೋಡಿಸಬೇಡ. ಹಗ್ಗ ನಾನೇ ತರುತ್ತೇನೆ.

ನಿನ್ನ
ಅಪ್ಪ