‘ಟ್ರಿಸ್ಟ್ರಮ್ ಶ್ಯಾಂಡಿ’: ತಮಾಷೆಯ ಒಳಗೇನಿದೆ?

ಸದಸ್ಯರ ಗಮನಕ್ಕೆ,

ಲಾರೆನ್ಸ್ ಸ್ಟರ್ನ್ 1759ರಿಂದ 1767ರವರೆಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟಿಸಿದ ಈ ಕಾದಂಬರಿ ಬರಿಯ ಕುಚೇಷ್ಟೆಯೇ ಅಥವಾ ಅದಕ್ಕೆ ಆಳವಾದ ಅರ್ಥವಿದೆಯೇ ಎಂಬುದು ನಮ್ಮ ಮುಂದಿನ ಚರ್ಚೆಯ ವಿಷಯವಾಗಿದೆ. ತನ್ನ ಬದುಕನ್ನು ಹೇಳಹೊರಟ ನಾಯಕ ಮೂರನೆಯ ಸಂಪುಟದವರೆಗೂ ಹುಟ್ಟುವುದೇ ಇಲ್ಲವೆಂಬುದು ಓದುಗನನ್ನು ಸತಾಯಿಸುವ ಆಟವೇ ಸರಿ. ಮೂಗಿನ ಕುರಿತ ದೀರ್ಘ ಪ್ರಸಂಗದಲ್ಲಿ ತತ್ತ್ವ ಹುಡುಕುವ ಶ್ರಮವೂ (ನನ್ನ ಮಟ್ಟಿಗೆ) ಅನಗತ್ಯ.

ಆದರೆ 1695ರಲ್ಲಿ ಇಂದಿನ ಬೆಲ್ಜಿಯಂನ ನಮೂರ್ ಕೋಟೆಯ ಮುತ್ತಿಗೆಯಲ್ಲಿ ತೊಡೆಸಂದಿಗೆ ಪೆಟ್ಟು ತಿಂದ ನಾಯಕನ ಚಿಕ್ಕಪ್ಪ ಟೋಬಿ, ತಾನು ಗಾಯಗೊಂಡ ಜಾಗವನ್ನು ಮಾತಿನಲ್ಲಿ ವಿವರಿಸಲಾಗದೆ ಮೊದಲು ನಕ್ಷೆಗಳನ್ನು ತರಿಸಿ, ಆಮೇಲೆ ಹುಲ್ಲುಹಾಸಿನ ಮೇಲೆ ಪುಟ್ಟ ಕೋಟೆಗಳನ್ನೇ ಕಟ್ಟತೊಡಗುವುದು ಕೇವಲ ನಗೆಯ ಸಂಗತಿಯಲ್ಲ. ಒಬ್ಬರ ನೋವು ಇನ್ನೊಬ್ಬರನ್ನು ತಲುಪಲು ಭಾಷೆ ಎಷ್ಟು ಸಾಲದು ಎಂಬುದನ್ನು, ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ಚಿಂತನೆಯೊಂದಿಗೆ ಜಗಳವಾಡುತ್ತಲೇ, ಸ್ಟರ್ನ್ ಅಲ್ಲಿ ತೋರಿಸುತ್ತಾನೆ. ಪಾದ್ರಿ ಯಾರಿಕ್ ಸತ್ತೊಡನೆ ಎದುರಾಗುವ ಕಪ್ಪು ಹಾಳೆಯೂ, ಏಳನೆಯ ಸಂಪುಟದಲ್ಲಿ ಮೃತ್ಯುವಿನಿಂದ ತಪ್ಪಿಸಿಕೊಂಡು ಫ್ರಾನ್ಸಿನುದ್ದಕ್ಕೂ ಓಡುವ ಕಥನವೂ ಕ್ಷಯರೋಗಿಯಾಗಿದ್ದು 1768ರಲ್ಲಿ ತೀರಿಕೊಂಡ ಲೇಖಕನದೆಂಬುದನ್ನು ನೆನಪಿಟ್ಟು ಓದಬೇಕು.

ಪೂರ್ತಿ ಓದಲಾಗದವರು ಒಂದು, ಎರಡು ಮತ್ತು ಏಳನೆಯ ಸಂಪುಟಗಳನ್ನಾದರೂ ಓದಿಕೊಂಡು ಬರಬೇಕೆಂದು ವಿನಂತಿ.