ರೇಂಜ್ ಇಲ್ಲದ ಕಡೆ ಸೇನೆಯ ಫೋನ್ ಏನು ಮಾಡುತ್ತದೆ?

ಮಾನ್ಯ ಸಂಪಾದಕರೇ,

ಸೇನೆಯ ‘ಸಂಭವ್’ ಫೋನ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಇನ್ನು ಮೇಲೆ ಡ್ರೋನ್ ವಿಡಿಯೋ ಸಮೇತ ಇಡೀ ರಣರಂಗ ಕಮಾಂಡರನ ಅಂಗೈಯ ಪರದೆಯಲ್ಲೇ ಅನ್ನೋ ಧಾಟಿ ನೋಡಿ ಸ್ವಲ್ಪ ನಗು ಬಂತು. ನಾನು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಬೆನ್ನ ಮೇಲೆ ರೇಡಿಯೋ ಸೆಟ್ ಹೊತ್ತು ತಿರುಗಿದವನು, ಈಗ ಪೆರ್ಲದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಸುಮ್ನೆ ಇರಲು ಆಗಲಿಲ್ಲ.

ಸಂಭವ್ ಒಳ್ಳೆಯ ಫೋನೇ. ಕದ್ದು ಕೇಳಲು ಸುಲಭಕ್ಕೆ ಆಗುವುದಿಲ್ಲ, ವಾಟ್ಸ್‌ಆ್ಯಪ್ ಬದಲಿಗೆ ಎಂ-ಸಿಗ್ಮಾ ಅಂತ ಸೇನೆಯದ್ದೇ ಆ್ಯಪ್ ಇದೆ. 2024ರ ಅಕ್ಟೋಬರ್‌ನಲ್ಲಿ ಚೀನಾ ಜೊತೆ ಗಡಿ ಮಾತುಕತೆ ನಡೆದಾಗ ನಮ್ಮವರು ಇದನ್ನೇ ಬಳಸಿದರು. ಸರ್ಕಾರಿ ಕಾಗದಪತ್ರವನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ತಳ್ಳುವ ಚಾಳಿ ಇದರಿಂದ ತಪ್ಪಿದರೆ ಕೊಟ್ಟ ದುಡ್ಡು ವಸೂಲಾದಂತೆ. ಆದರೆ ಅದು ಓಡುವುದು ಖಾಸಗಿ ಕಂಪನಿಗಳ ಟವರ್ ನಂಬಿಕೊಂಡು. ಟವರ್ ಮೇಲೆ ಬಾಂಬ್ ಬಿದ್ದರೆ? ಶತ್ರು ಸಿಗ್ನಲ್ ಜಾಮ್ ಮಾಡಿದರೆ?

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದಲ್ಲಿ ರೇಂಜ್ ಇಲ್ಲ, ಗುಡ್ಡೆ ಹತ್ತಿದರೆ ಕರ್ನಾಟಕದ ಟವರ್ ಸಿಗುತ್ತದೆ, ನಾಲ್ಕು ಹೆಜ್ಜೆ ಈಚೆ ಬಂದರೆ ಕೇರಳದ್ದು ಎಳೆದುಕೊಳ್ಳುತ್ತದೆ, ನಡುವೆ ಮಾತು ಕಟ್ ಆಗುತ್ತದೆ. ಆಟಿಯ ಮಳೆಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲೇ ಟವರ್‌ನ ಬ್ಯಾಟರಿಯೂ ಮುಗಿದಿರುತ್ತದೆ. ಯಾರೂ ಬಾಂಬ್ ಹಾಕದೆಯೇ ಇಷ್ಟು.

ಯುದ್ಧದಲ್ಲಿ ಕಮಾಂಡರ್ ಕೂತಲ್ಲೇ ಕೂತರೆ ಉಳಿಯುವುದಿಲ್ಲ. ಅವನು ಹೊರಟಾಗ ಅವನ ಸಂಪರ್ಕ ಜಾಲವೂ ಹೊರಡಬೇಕು. ನಮ್ಮ ಕಾಲದ ವಿಎಚ್‌ಎಫ್ ರೇಡಿಯೋ ಸೆಟ್‌ಗೆ ನಡುವೆ ಒಂದು ಗುಡ್ಡ ಬಂದರೆ ಮುಗೀತು, ಗುಡ್ಡದ ತುದಿಯಲ್ಲಿ ಸಂದೇಶ ಆಚೆಗೆ ದಾಟಿಸಲೆಂದೇ, ಅಂದರೆ ರಿಲೇ ಮಾಡಲೆಂದೇ, ಜನ ಕೂರಿಸಬೇಕಿತ್ತು. ಚಳಿ ಜಾಗದಲ್ಲಿ ರಾತ್ರಿ ಬ್ಯಾಟರಿಯನ್ನು ಜಾಕೆಟ್ ಒಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದೆವು. ಹೊರಗೆ ಬಿಟ್ಟರೆ ಬೆಳಿಗ್ಗೆ ಸೆಟ್ಟೇ ಏಳುತ್ತಿರಲಿಲ್ಲ. ಈಗಿನ ಹೊಸ ರೇಡಿಯೋಗಳಲ್ಲಿ ಪ್ರತಿಯೊಂದು ಸೆಟ್ಟೂ ಪಕ್ಕದ ಸೆಟ್‌ಗೆ ರಿಲೇ ಆಗುತ್ತದೆ, ಒಂದು ಕೆಟ್ಟರೆ ಸಂದೇಶ ಬೇರೆ ಸೆಟ್ ಹಿಡಿದು ಸುತ್ತು ಹಾಕಿ ಹೋಗುತ್ತದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಇಂಥ ರೇಡಿಯೋಗಳಿಗಾಗಿ ಸೇನೆ 2025ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ನಿಜವಾದ ಸುದ್ದಿ ಅದು. ಲೇಖನದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ!

ಡ್ರೋನ್ ವಿಡಿಯೋ ಪರದೆಯಲ್ಲಿ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಸಿಗ್ನಲ್ ಕುಂಟುವಾಗ ಮೊದಲು ಕೈಕೊಡುವುದು ವಿಡಿಯೋ, ಆಮೇಲೆ ಮಾತು. ನಾನು ಇಂಥ ಕಡೆ ಇದ್ದೇನೆ ಅಂತ ಹೇಳುವ ಗ್ರಿಡ್ ನಂಬರ್ ಮಾತ್ರ ಕೆಲವೇ ಅಂಕಿ, ಹೇಗೋ ದಾಟಿಬಿಡುತ್ತದೆ. 2003ರ ಇರಾಕ್ ಯುದ್ಧದಲ್ಲಿ ಅಮೆರಿಕದವರ ಬ್ಲೂ ಫೋರ್ಸ್ ಟ್ರ್ಯಾಕರ್ ಹೆಸರು ಮಾಡಿದ್ದು ವಿಡಿಯೋದಿಂದಲ್ಲ. ನಮ್ಮ ಗಾಡಿ ಎಲ್ಲಿದೆ ಅಂತ ನಕ್ಷೆ ಮೇಲೆ ನೀಲಿ ಗುರುತು ತೋರಿಸುತ್ತಿತ್ತು, ಅಷ್ಟೇ. ಮರಳುಗಾಳಿಯಲ್ಲಿ ಅದು ಸಾಕಷ್ಟು ದೊಡ್ಡ ವಿಷಯ.

ಇನ್ನೊಂದು, ರೇಡಿಯೋ ಆಗಲಿ ಫೋನ್ ಆಗಲಿ, ಆನ್ ಮಾಡಿದರೆ ನಾವು ಎಲ್ಲಿದ್ದೇವೆ ಅಂತ ಕೂಗಿ ಹೇಳಿದ ಹಾಗೆ. 2023ರ ಹೊಸ ವರ್ಷದ ದಿನ, ರಷ್ಯಾ ಹಿಡಿತದಲ್ಲಿದ್ದ ಪೂರ್ವ ಉಕ್ರೇನಿನ ಮಕಿಯಿವ್ಕಾ ಪಟ್ಟಣದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಉಕ್ರೇನಿನ ರಾಕೆಟ್ ಬಿತ್ತು. 89 ಮಂದಿ ಸತ್ತರು, ನಿಷೇಧ ಇದ್ದರೂ ಫೋನ್ ಬಳಸಿದ್ದೇ ಮುಖ್ಯ ಕಾರಣ ಅಂತ ರಷ್ಯಾದ ಸೇನೆಯೇ ಹೇಳಿತು. ಪೂರ್ತಿ ತಪ್ಪನ್ನು ಹುಡುಗರ ತಲೆಗೆ ಕಟ್ಟಿದ್ದೂ ಇರಬಹುದು, ಅಷ್ಟು ಜನರನ್ನು ಒಂದೇ ಕಡೆ ಮಲಗಿಸಿದ್ದು ಯಾರು? ಆದರೂ ಅಪಾಯ ಸುಳ್ಳಲ್ಲ. ಕಮಾಂಡರನ ಕೈಯ ಟ್ಯಾಬ್ಲೆಟ್ ಆನ್ ಮಾಡಿದರೂ ಇದೇ ಕಥೆ.

ಮತ್ತೆ ಪರದೆ ಬಂದ ಮೇಲೆ ಇನ್ನೊಂದು ಕಿರಿಕಿರಿ ಇದ್ದದ್ದೇ. ಇನ್ನೂರು ಕಿಲೋಮೀಟರ್ ಹಿಂದೆ ಎಸಿಯಲ್ಲಿ ಕೂತ ದೊಡ್ಡ ಸಾಹೇಬರಿಗೆ ಮುಂಚೂಣಿಯ ಪ್ಲಟೂನ್ (ಸಣ್ಣ ತುಕಡಿ) ಕಾಣುತ್ತದೆ, ಕಂಡ ಮೇಲೆ ಬಾಯಿ ಹಾಕದೆ ಇರುತ್ತಾರಾ? ಕ್ಯಾಪ್ಟನ್ ನಿರ್ಧಾರ ಮಾಡಬೇಕಾದ ಹೊತ್ತಿಗೆ ಮೇಲಿನವರ ಫೋನ್ ಎತ್ತುತ್ತಾ ಕೂರಬೇಕು.

ನಮ್ಮ ಸೀತಾಂಗೋಳಿಯಲ್ಲೇ ಎಚ್‌ಎಎಲ್ ಘಟಕ ಇದೆ, ವಿಮಾನಗಳ ಎಲೆಕ್ಟ್ರಾನಿಕ್ಸ್ ಕೆಲಸ ಅಲ್ಲಿ ನಡೆಯುತ್ತದೆ. ಈ ವಿಷಯ ಓದುವವರು ಇಲ್ಲಿ ಬೇಕಾದಷ್ಟು ಇದ್ದಾರೆ, ಸೇನೆಗೆ ಹೋದ ಹುಡುಗರೂ ಇದ್ದಾರೆ. ಆದ್ದರಿಂದ ಮುಂದಿನ ಸಲ ಇಂಥ ಯಂತ್ರದ ಬಗ್ಗೆ ಬರೆಸುವಾಗ ಪರದೆ ಎಷ್ಟು ಇಂಚು ಅನ್ನುವುದು ಬೇಡ. ಟವರ್ ಇಲ್ಲದೆ ಎಷ್ಟು ದೂರ ಮಾತಾಡುತ್ತದೆ, ಮೈನಸ್ ಇಪ್ಪತ್ತರಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಸೆಟ್ ಶತ್ರುವಿನ ಕೈಗೆ ಸಿಕ್ಕರೆ ಏನು ವ್ಯವಸ್ಥೆ ಅಂತ ನಿಮ್ಮ ವರದಿಗಾರರು ಕೇಳಿ ಬರೆಯಲಿ.

ಇತಿ,
ನಿವೃತ್ತ ಸೈನಿಕ, ಪೆರ್ಲ, ಕಾಸರಗೋಡು ಜಿಲ್ಲೆ