ಉಡಾವಣೆಯ ದಿನಾಂಕವನ್ನು ಶಾಲಾ ಡೈರಿಯಲ್ಲಿ ಏಕೆ ಅಚ್ಚು ಹಾಕಿಸುವುದಿಲ್ಲ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಶ್ರೀಹರಿಕೋಟಾದಿಂದ ಹಾರಲಿರುವ ಇಸ್ರೋದ ಮುಂದಿನ ರಾಕೆಟ್ ಪಿಎಸ್‌ಎಲ್‌ವಿಯ ವಿವರಗಳನ್ನು ನಮ್ಮ ಪ್ರೌಢಶಾಲಾ ವಿಭಾಗದ ಮಕ್ಕಳು ವಿಜ್ಞಾನ ಶಿಕ್ಷಕರ ಜೊತೆ ಕಲೆಹಾಕುತ್ತಿರುವುದು, ಆ ದಿನ ಶಾಲೆಯಲ್ಲೇ ಅದರ ನೇರ ಪ್ರಸಾರ ನೋಡಲಿರುವುದು ನಿಮಗೆ ತಿಳಿದಿದೆ. ಅದರ ದಿನಾಂಕವನ್ನು ಮೊದಲೇ ಡೈರಿಯಲ್ಲಿ ಅಚ್ಚು ಹಾಕಿಸಿದರೆ ರಜೆ ಹಾಕಲು, ಟ್ಯೂಷನ್ ಸಮಯ ಬದಲಿಸಲು ಅನುಕೂಲ ಎಂದು ಹಲವರು ಕೇಳಿದ್ದೀರಿ. ಕಳೆದ ಉಡಾವಣೆಯ ದಿನ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ರಾಕೆಟ್ಟಿಗೆ ಮೂರು ಬೇರೆ ಬೇರೆ ಸಮಯ ಓಡಾಡಿ, ಕೆಲವರು ಗೇಟಿನ ಬಳಿ ಬಹಳ ಹೊತ್ತು ಕಾಯಬೇಕಾಯಿತು ಎಂಬ ದೂರೂ ಬಂದಿದೆ. ಕೆಲಸ ಬಿಟ್ಟು ಬಂದು ಬಿಸಿಲಲ್ಲಿ ನಿಂತವರಿಗೆ ಬೇಸರವಾಗುವುದು ಸಹಜ. ಹಾಗಿದ್ದರೂ ದಿನಾಂಕವನ್ನು ಡೈರಿಯಲ್ಲಿ ಹಾಕಿಸುವುದಿಲ್ಲ ಎಂದೇ ತೀರ್ಮಾನಿಸಿದ್ದೇವೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಮೊದಲು ಆ ಮೂರು ಸಮಯಗಳ ಗೊಂದಲ. ಮೂರರಲ್ಲಿ ಯಾವುದೂ ಯಾರೋ ಕಟ್ಟಿದ ಸುಳ್ಳಾಗಿರಲಿಲ್ಲ. ಒಂದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಅನೇಕ ವಿದೇಶಿ ಜಾಲತಾಣಗಳು ಉಡಾವಣೆಗಳನ್ನು ಈ ಲೆಕ್ಕದಲ್ಲೇ ಬರೆಯುತ್ತವೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುತ್ತದೆ. ಕೂಡಿಸುವಾಗ ತಾರೀಖೂ ಬದಲಾಗಬಹುದು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಚಂದ್ರಯಾನ-2ರ ಮೊದಲ ಪ್ರಯತ್ನ 2019ರ ಜುಲೈ 15ರ ನಸುಕಿನ 2 ಗಂಟೆ 51 ನಿಮಿಷಕ್ಕೆ ನಿಗದಿಯಾಗಿತ್ತು. ಯುಟಿಸಿಯಲ್ಲಿ ಅದು ಜುಲೈ 14ರ ರಾತ್ರಿ 9 ಗಂಟೆ 21 ನಿಮಿಷ. ಎರಡನ್ನೂ ಬೆರೆಸಿ ಓದಿದವರು ಒಂದು ದಿನ ತಡವಾಗಿಯೋ ಮುಂಚಿತವಾಗಿಯೋ ಟಿವಿ ಮುಂದೆ ಕೂರುತ್ತಾರೆ.

ಎರಡನೆಯದು ನೇರ ಪ್ರಸಾರ ಶುರುವಾಗುವ ಸಮಯ. ಇದು ಸಾಮಾನ್ಯವಾಗಿ ರಾಕೆಟ್ ಏಳುವುದಕ್ಕಿಂತ ಅರ್ಧ ಗಂಟೆ ಹಿಂದೆಯೇ ಇರುತ್ತದೆ. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಇದೇ.

ಮೂರನೆಯದು ಹೆಚ್ಚು ದಾರಿ ತಪ್ಪಿಸುವಂಥದ್ದು. ಉಡಾವಣೆಗೆ ಮುನ್ನ ವಿಮಾನಗಳಿಗೂ ಹಡಗುಗಳಿಗೂ ಎಚ್ಚರಿಕೆ ಹೊರಡಿಸುತ್ತಾರೆ. ವಿಮಾನಗಳಿಗೆ ಕೊಡುವ ಎಚ್ಚರಿಕೆಗೆ ನೋಟಾಮ್ ಎನ್ನುತ್ತಾರೆ. ರಾಕೆಟ್ಟಿನಿಂದ ಕಳಚಿದ ಹಂತಗಳು (ಇಂಧನ ಮುಗಿದ ಭಾಗಗಳು) ಬಂಗಾಳ ಕೊಲ್ಲಿಯಲ್ಲೂ ಅದರಾಚೆಯ ಸಾಗರದಲ್ಲೂ ಎಲ್ಲಿ ಬೀಳಬಹುದು, ಆ ಜಾಗದಿಂದ ಯಾವ ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ದೂರವಿರಬೇಕು ಎಂದು ಅದರಲ್ಲಿ ಇರುತ್ತದೆ. ಮುಂದೂಡಿಕೆಗೆ ಎಡೆ ಇರಲೆಂದು ಹಲವು ದಿನಗಳಿಗೆ ಒಟ್ಟಿಗೇ ಹೊರಡಿಸುವುದುಂಟು. ಅದರ ಮೊದಲ ದಿನವನ್ನೇ ಉಡಾವಣೆಯ ದಿನವೆಂದು, ಮೊದಲ ಗಂಟೆಯನ್ನೇ ಉಡಾವಣೆಯ ಗಂಟೆಯೆಂದು ಯಾರೋ ಒಬ್ಬರು ಬರೆದರೆ ಸಾಕು, ಸಂಜೆಯೊಳಗೆ ಊರೆಲ್ಲ ಅದೇ ಸುದ್ದಿ. "ಇಂಥ ದಿನಕ್ಕಿಂತ ಮೊದಲು ಇಲ್ಲ" ಎಂದು ಪ್ರಕಟವಾಗುವ ದಿನಾಂಕಗಳ ಪಾಡೂ ಇದೇ. ಆ ದಿನವೇ ಹಾರುತ್ತದೆ ಎಂಬ ಭರವಸೆ ಅದರಲ್ಲಿ ಇರುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಸ್ರೋದವರೇ ಹೇಳಿದ ದಿನಾಂಕವನ್ನಾದರೂ ಡೈರಿಯಲ್ಲಿ ಹಾಕಬಹುದಲ್ಲ ಎನ್ನುತ್ತೀರಿ. ಹಾಕಿದರೆ ನೀವು ಅದನ್ನು ನಂಬಿ ರಜೆ ಹಾಕುತ್ತೀರಿ. ಆಮೇಲೆ ಅದು ಬದಲಾಗುತ್ತದೆ. ಬದಲಾಗುವುದು ಅಪರೂಪವೇನಲ್ಲ. 2024ರ ಡಿಸೆಂಬರ್ 4ರಂದು ಪ್ರೋಬಾ-3 ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ-ಸಿ59 ಸಂಜೆ 4 ಗಂಟೆ 8 ನಿಮಿಷಕ್ಕೆ ಹಾರಬೇಕಿತ್ತು. ಒಂದು ಗಂಟೆಗೂ ಕಡಿಮೆ ಹೊತ್ತು ಉಳಿದಿದ್ದಾಗ ಉಪಗ್ರಹದಲ್ಲಿ ದೋಷ ಕಂಡು ನಿಲ್ಲಿಸಿದರು. ಮರುದಿನ 4 ಗಂಟೆ 4 ನಿಮಿಷಕ್ಕೆ ಹಾರಿತು. ಚಂದ್ರಯಾನ-2 ನಿಂತದ್ದು 56 ನಿಮಿಷ ಬಾಕಿ ಇದ್ದಾಗ, ಹಾರಿದ್ದು ಒಂದು ವಾರ ಬಿಟ್ಟು ಜುಲೈ 22ರ ಮಧ್ಯಾಹ್ನ. ಗಗನಯಾನದ ಮೊದಲ ಪರೀಕ್ಷಾ ವಾಹನ 2023ರ ಅಕ್ಟೋಬರ್ 21ರಂದು ಬೆಳಿಗ್ಗೆ 8ಕ್ಕೆ ಏಳಬೇಕಿತ್ತು. ಹವಾಮಾನದಿಂದ ಮೊದಲು 8.45ಕ್ಕೆ ಹೋಯಿತು, ನಂತರ ಕೊನೆಯ 5 ಸೆಕೆಂಡಿನಲ್ಲಿ ಕಂಪ್ಯೂಟರೇ ತಡೆಹಿಡಿಯಿತು, ಕಾರಣ ಹುಡುಕಿ ಸರಿಪಡಿಸಿ 10 ಗಂಟೆಗೆ ಹಾರಿಸಿದರು. ಐದು ಸೆಕೆಂಡ್ ಉಳಿದಿದ್ದಾಗಲೂ ನಿಲ್ಲಬಲ್ಲ ಕೆಲಸಕ್ಕೆ ತಿಂಗಳ ಮೊದಲೇ ಶಾಲೆ ದಿನಾಂಕ ಕೊಡುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ.

ಎಲ್ಲ ಸಿದ್ಧವಿದ್ದೂ ಸಮಯ ಜರುಗುವುದುಂಟು. 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ ಉಪಗ್ರಹಗಳ ಉಡಾವಣೆ ರಾತ್ರಿ 9.58ರಿಂದ 10 ಗಂಟೆಗೆ ಹೋಯಿತು. ರಾಕೆಟ್ಟಿನಲ್ಲಿ ಏನೂ ತೊಂದರೆ ಇರಲಿಲ್ಲ. ಹೋಗುವ ದಾರಿಯಲ್ಲಿ ಬೇರೆ ಉಪಗ್ರಹ ಹತ್ತಿರ ಬರುತ್ತದೆಂದು ಲೆಕ್ಕ ಹೇಳಿತ್ತು, ಅದಕ್ಕಾಗಿ ಎರಡು ನಿಮಿಷ ಕಾದರು. ಭೂಮಿಯ ಚಿತ್ರ ತೆಗೆಯುವ ಉಪಗ್ರಹವಾದರೆ ಕಟ್ಟುಪಾಡು ಇನ್ನೊಂದು ಬಗೆಯದು. ಅದು ಪ್ರತಿದಿನ ಒಂದೇ ಸ್ಥಳೀಯ ಸೌರಸಮಯಕ್ಕೆ ಒಂದು ಅಕ್ಷಾಂಶವನ್ನು ದಾಟಿದರೆ ಮಾತ್ರ ಇಂದಿನ ಚಿತ್ರದ ನೆರಳನ್ನೂ ಮುಂದಿನ ತಿಂಗಳ ಚಿತ್ರದ ನೆರಳನ್ನೂ ಹೋಲಿಸಲು ಬರುತ್ತದೆ. ಆ ಕಕ್ಷೆಯ ಸಮತಲ (ಉಪಗ್ರಹ ಸುತ್ತುವ ದಾರಿ ಇರುವ ತಲ) ಶ್ರೀಹರಿಕೋಟಾದ ನೆತ್ತಿಗೆ ಬರುವುದು ದಿನದ ಒಂದು ನಿರ್ದಿಷ್ಟ ಹೊತ್ತಿನಲ್ಲಿ. ಆ ಹೊತ್ತು ತಪ್ಪಿದರೆ "ಇನ್ನೊಂದು ಗಂಟೆ ಕಾಯೋಣ" ಎನ್ನಲು ಬರುವುದಿಲ್ಲ, ಮರುದಿನಕ್ಕೇ ಹೋಗಬೇಕು. ಮಳೆ ಬಂದರೆ ನಿಲ್ಲಿಸುತ್ತಾರೆಯೇ ಎಂದು ಮಕ್ಕಳು ಕೇಳುತ್ತಾರೆ. ಮಳೆಗಿಂತ ಹೆಚ್ಚು ಕಾಡುವುದು ಸಿಡಿಲು ಮತ್ತು ಎತ್ತರದಲ್ಲಿ ಬೀಸುವ ಗಾಳಿ. ಆ ಗಾಳಿಯ ವೇಗವನ್ನು ಬಲೂನು ಹಾರಿಸಿ ಅಳೆಯುತ್ತಾರೆ.

ಆದ್ದರಿಂದ ನಮ್ಮ ಕ್ರಮ ಹೀಗಿದೆ. ಸಿದ್ಧತೆಯ ಪರಿಶೀಲನೆ ಮುಗಿದು, ಉಡಾವಣಾ ಅನುಮತಿ ಮಂಡಳಿ ಒಪ್ಪಿಗೆ ಕೊಟ್ಟು, ಕೌಂಟ್‌ಡೌನ್ ಶುರುವಾಯಿತೆಂದು ಇಸ್ರೋ ಪ್ರಕಟಿಸಿದ ಮೇಲೆ ಶಾಲೆಯಿಂದ ನಿಮಗೆ ಸಂದೇಶ ಬರುತ್ತದೆ. ಪಿಎಸ್‌ಎಲ್‌ವಿಯ ಕೌಂಟ್‌ಡೌನ್ ಸುಮಾರು ಒಂದು ದಿನ ನಡೆಯುತ್ತದೆ, ಆದ್ದರಿಂದ ನಿಮಗೆ ಹಿಂದಿನ ದಿನವೇ ತಿಳಿದಿರುತ್ತದೆ. ಉಡಾವಣೆಯ ದಿನ ಬೆಳಿಗ್ಗೆ ಇನ್ನೊಮ್ಮೆ ತಿಳಿಸುತ್ತೇವೆ. ಮಾಹಿತಿಯನ್ನು ಇಸ್ರೋದ ಜಾಲತಾಣ, ಅದರ ಯೂಟ್ಯೂಬ್ ವಾಹಿನಿ ಮತ್ತು ದೂರದರ್ಶನ, ಈ ಮೂರರಿಂದ ಮಾತ್ರ ತೆಗೆದುಕೊಳ್ಳುತ್ತೇವೆ. ಒಂದು ದಿನದ ಸೂಚನೆ ಸಾಲದು ಎಂದು ಕೆಲವರಿಗೆ ಅನ್ನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ. ಇದಕ್ಕಿಂತ ಮೊದಲು ಕೊಡುವ ಯಾವ ದಿನಾಂಕವನ್ನೂ ಶಾಲೆಯ ಮಾತಾಗಿ ನಿಮ್ಮ ಮುಂದೆ ಇಡಲಾರೆ.

ಇದರಲ್ಲಿ ಮಕ್ಕಳ ಕಲಿಕೆಯೂ ಇದೆ. ಪ್ರಯೋಗಾಲಯದ ಹೊರಗೋಡೆಯ ಮೇಲೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿದ್ದೇವೆ, ಶಾಲೆಗೆ ಬಂದಾಗ ದಯವಿಟ್ಟು ನೋಡಿ. ವಾಹನ, ಉಪಗ್ರಹ, ಉಡಾವಣಾ ವೇದಿಕೆ, ತಲುಪಬೇಕಾದ ಎತ್ತರ, ದಿನಾಂಕ, ಭಾರತೀಯ ಸಮಯ ಎಂದು ಕಾಲಂಗಳಿವೆ. ಕೊನೆಯ ಎರಡು ಕಾಲಂಗಳು ಮುಖ್ಯ: ಈ ಮಾಹಿತಿ ಎಲ್ಲಿಂದ ಬಂತು, ಯಾವ ದಿನ ಎಷ್ಟು ಗಂಟೆಗೆ ಬರೆದದ್ದು. ದಿನಾಂಕ ಬದಲಾದರೆ ರಬ್ಬರ್ ಹಾಕುವಂತಿಲ್ಲ, ವೈಟ್ನರ್ ಬಳಿಯುವಂತಿಲ್ಲ. ಹಳೆಯದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಹೊಸದನ್ನೂ ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ಮೂಲದ ಕಾಲಂ ಖಾಲಿ ಬಿಟ್ಟ ಸಾಲನ್ನು ಶಿಕ್ಷಕರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮನೆಯ ಗುಂಪಿನಲ್ಲಿ ಬಂದ ಸಮಯವನ್ನು ಮಗು ತಂದರೆ ಗದರುವುದೂ ಇಲ್ಲ, ಎಲ್ಲಿಂದ ಬಂತೆಂದು ಹುಡುಕಿಕೊಂಡು ಬಾ ಎನ್ನುತ್ತೇವೆ. ಅದು ಯುಟಿಸಿಯೋ, ಪ್ರಸಾರದ ಸಮಯವೋ, ನೋಟಾಮೋ ಎಂದು ಮಕ್ಕಳೇ ಬೇರ್ಪಡಿಸುತ್ತಾರೆ.

ಪ್ರಸಾರ ನೋಡಲು ಮುಕ್ಕಾಲು ಗಂಟೆ ಏಕೆ ಬೇಕು, ರಾಕೆಟ್ ಎದ್ದ ಕೂಡಲೇ ಮಕ್ಕಳನ್ನು ಬಿಡಬಾರದೇ ಎಂದೂ ಕೇಳಿದ್ದೀರಿ. ಬಿಡುವುದಿಲ್ಲ. ರಾಕೆಟ್ ಎದ್ದಾಗ ಕೆಲಸ ಆರಂಭವಾಗುತ್ತದೆ ಅಷ್ಟೆ. ಪಿಎಸ್‌ಎಲ್‌ವಿಯ ಎಕ್ಸ್‌ಎಲ್ ಮಾದರಿ ಸುಮಾರು 44 ಮೀಟರ್ ಎತ್ತರ, 320 ಟನ್ ತೂಕ. ಮೊದಲ ಹಂತದ ಜೊತೆ ಪಕ್ಕದ ಆರು ಬೂಸ್ಟರುಗಳಲ್ಲಿ ನಾಲ್ಕು ನೆಲದಲ್ಲೇ ಹೊತ್ತಿಕೊಳ್ಳುತ್ತವೆ, ಉಳಿದೆರಡು ಸುಮಾರು 25ನೇ ಸೆಕೆಂಡಿಗೆ ಗಾಳಿಯಲ್ಲಿ. ಎರಡು ನಿಮಿಷ ತುಂಬುವುದಕ್ಕೆ ಮುಂಚೆ ಮೊದಲ ಹಂತ ಕಳಚಿ, ವಿಕಾಸ್ ಎಂಜಿನ್ ಇರುವ ದ್ರವ ಇಂಧನದ ಎರಡನೇ ಹಂತ ಹೊತ್ತುತ್ತದೆ. ಗಾಳಿ ತೆಳುವಾದ ಮೇಲೆ ಉಪಗ್ರಹದ ಸುತ್ತಲಿನ ಶಾಖಕವಚ ಎರಡು ಹೋಳಾಗಿ ಬೀಳುತ್ತದೆ. ಮೂರನೇ ಹಂತ ಮತ್ತೆ ಘನ ಇಂಧನದ್ದು, ನಾಲ್ಕನೆಯದು ಎರಡು ಪುಟ್ಟ ದ್ರವ ಎಂಜಿನ್ನುಗಳದ್ದು. ಉಪಗ್ರಹ ಬೇರ್ಪಡುವುದು ಸಾಮಾನ್ಯವಾಗಿ ಹದಿನೇಳು ಹದಿನೆಂಟನೇ ನಿಮಿಷಕ್ಕೆ, ಕೆಲವು ಯಾನಗಳಲ್ಲಿ ಇನ್ನೂ ತಡವಾಗಿ. ಇಷ್ಟರಲ್ಲಿ ಯಾವ ಹಂತದಲ್ಲಿ ಬೇಕಾದರೂ ಎಡವಬಹುದು. 2025ರ ಮೇ 18ರ ಬೆಳಿಗ್ಗೆ 5.59ಕ್ಕೆ ಹೊರಟ ಪಿಎಸ್‌ಎಲ್‌ವಿ-ಸಿ61 ಚೆನ್ನಾಗಿಯೇ ಎದ್ದಿತು. ಮೊದಲ ಎರಡು ಹಂತಗಳು ಸರಿಯಾಗಿ ನಡೆದು, ಮೂರನೆಯದರಲ್ಲಿ ತೊಂದರೆಯಾಗಿ ಉಪಗ್ರಹ ಕಕ್ಷೆ ಸೇರಲಿಲ್ಲ. ಚಪ್ಪಾಳೆ ತಟ್ಟಿ ಎದ್ದುಹೋದ ಮಗುವಿಗೆ ಆ ಉಡಾವಣೆ ಗೆದ್ದಿತೆಂದೇ ಉಳಿದುಬಿಡುತ್ತದೆ.

ಪರದೆಯ ಮೇಲೆ ಎರಡು ಗೆರೆ ಕಾಣುತ್ತವೆ, ಒಂದು ರಾಕೆಟ್ ಹೋಗಬೇಕಾದ ದಾರಿ, ಇನ್ನೊಂದು ಹೋಗುತ್ತಿರುವ ದಾರಿ. ಎರಡೂ ಒಂದರ ಮೇಲೊಂದು ಕೂತಿವೆಯೇ ಎಂದು ನೋಡುತ್ತಾ, ಪ್ರತಿ ಹಂತ ಹೊತ್ತಿದ ಮತ್ತು ಕಳಚಿದ ಸಮಯವನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಗೋಡೆ ಗಡಿಯಾರ ನೋಡಿ ಬರೆದರೆ ಲೆಕ್ಕ ತಪ್ಪುತ್ತದೆ. ಇಂಟರ್ನೆಟ್ಟಿನಲ್ಲಿ ಬರುವ ಪ್ರಸಾರ ನಿಜ ಸಮಯಕ್ಕಿಂತ ಕೆಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷವೇ ಹಿಂದಿರುತ್ತದೆ. ಹಾಗಾಗಿ ಪರದೆಯ ಮೂಲೆಯ ಗಡಿಯಾರವನ್ನೇ ನೋಡಬೇಕು ಎಂದು ಹೇಳಿಕೊಟ್ಟಿದ್ದೇವೆ. ಕೌಂಟ್‌ಡೌನ್ ನಡುವೆ ನಿಂತರೂ ಗಾಬರಿಯಿಲ್ಲ, ಪರಿಶೀಲನೆಗೆಂದು ಮೊದಲೇ ಇಟ್ಟ ವಿರಾಮಗಳು ಅದರಲ್ಲಿ ಇರುತ್ತವೆ. ಉಪಗ್ರಹ ಬೇರ್ಪಟ್ಟ ಮೇಲೆ ಅದರ ಉಸ್ತುವಾರಿ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರಕ್ಕೆ ಬರುತ್ತದೆ. ಸೌರಫಲಕ ತೆರೆದ ಸುದ್ದಿ ಬಂದ ನಂತರವೇ ಗೋಡೆಯ ಹಾಳೆಯ ಕೊನೆಯ ಸಾಲು ತುಂಬುತ್ತದೆ.

ಪರೀಕ್ಷೆ ಹತ್ತಿರವಿದೆ ಎಂಬ ಆತಂಕಕ್ಕೆ ಒಂದೇ ಮಾತು: ಉಡಾವಣೆ ಶಾಲೆಯ ವೇಳೆಯಲ್ಲಿ ಬಂದರೆ ಅಂದಿನ ವಿಜ್ಞಾನ ಮತ್ತು ಆಟದ ಅವಧಿಗಳನ್ನು ಮಾತ್ರ ಬಳಸುತ್ತೇವೆ, ಗಣಿತ ಮತ್ತು ಭಾಷೆಯ ಪಾಠಗಳನ್ನು ಮುಟ್ಟುವುದಿಲ್ಲ. ಮುಂದೂಡಿದರೆ ಮಕ್ಕಳು ತಮ್ಮ ತರಗತಿಗೆ ಮರಳುತ್ತಾರೆ, ಪಾಠ ಎಂದಿನಂತೆ ನಡೆಯುತ್ತದೆ. ಸಂಜೆಯ ಉಡಾವಣೆಯಾದರೆ ಉಳಿಯಲೇಬೇಕೆಂಬ ಒತ್ತಾಯವಿಲ್ಲ. ಉಳಿಯದ ಮಗುವಿಗೆ ಮರುದಿನ ದಾಖಲಾದ ಪ್ರಸಾರವನ್ನು ತೋರಿಸಿ ಸಮಯಗಳನ್ನು ಬರೆಸುತ್ತೇವೆ, ಅಂಕ ಕಡಿತ ಇಲ್ಲ.

ಮಕ್ಕಳನ್ನು ಶ್ರೀಹರಿಕೋಟಾಕ್ಕೇ ಕರೆದೊಯ್ಯಿರಿ ಎಂದವರೂ ಇದ್ದೀರಿ. ಆಸೆ ನಮಗೂ ಇದೆ. ಅಲ್ಲಿ 2019ರಿಂದ ಸಾರ್ವಜನಿಕರಿಗೆ ವೀಕ್ಷಣಾ ಗ್ಯಾಲರಿ ಇದೆ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ತೆರೆಯುವುದು ಉಡಾವಣೆಗೆ ಕೆಲವೇ ದಿನ ಇರುವಾಗ, ಜಾಗ ಬೇಗ ತುಂಬಿಹೋಗುತ್ತದೆ. ಹೋದ ಮೇಲೆ ಮುಂದೂಡಿದರೆ ಅಷ್ಟು ಮಕ್ಕಳನ್ನು ರಾತ್ರಿ ಅಲ್ಲಿ ಉಳಿಸಿಕೊಳ್ಳುವ ಹೊಣೆ ಶಾಲೆ ಹೊರಲಾರದು. ನಿಮ್ಮ ಕುಟುಂಬ ಹೋಗುವುದಾದರೆ ಸಂತೋಷ. ರಜೆಯ ಅರ್ಜಿ ಕೊಟ್ಟು ಹೋಗಿ, ಮರಳಿದ ಮೇಲೆ ಮಗು ತರಗತಿಗೆ ವಿವರ ಹೇಳಲಿ.

ನಮ್ಮ ಕೋರಿಕೆ ಇಷ್ಟೇ: ಆ ದಿನ ಮಗುವನ್ನು ಕರೆದೊಯ್ಯಲು ಬರುವವರ ಹೆಸರು ಮತ್ತು ಮೊಬೈಲ್ ನಂಬರನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದು, ಸಹಿ ಹಾಕಿ ಬರುವ ಸೋಮವಾರದೊಳಗೆ ಕಳಿಸಿ.

ಸಂಜೆ ನಿಲ್ಲುವ ಮಕ್ಕಳನ್ನು ಉಪಗ್ರಹ ಬೇರ್ಪಟ್ಟ ಹದಿನೈದು ನಿಮಿಷದ ನಂತರ ಗೇಟಿಗೆ ಕರೆತರುತ್ತೇವೆ. ಹೊರಡುವ ಸಮಯವನ್ನು ಆ ನಂಬರಿಗೇ ತಿಳಿಸುತ್ತೇವೆ, ಅಲ್ಲಿಯವರೆಗೆ ಬಂದು ಕಾಯುವ ಅಗತ್ಯವಿಲ್ಲ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಉಡಾವಣೆ ಭಾನುವಾರ, ರಜಾದಿನ ಅಥವಾ ರಾತ್ರಿ 8ರ ನಂತರ ಬಂದರೆ ಶಾಲೆ ತೆರೆಯುವುದಿಲ್ಲ. ಮಕ್ಕಳು ಮನೆಯಲ್ಲೇ ದೂರದರ್ಶನದಲ್ಲಿ ನೋಡಿ ಸಮಯಗಳನ್ನು ಬರೆದು ತರಲಿ. ಡಿಶ್ ಅಥವಾ ಕೇಬಲ್ ಇಲ್ಲದ ಮನೆಯ ಮಕ್ಕಳಿಗೆ ಮುಂದಿನ ಶಾಲಾ ದಿನ ಪ್ರಯೋಗಾಲಯದಲ್ಲಿ ಪ್ರಸಾರವನ್ನು ಪೂರ್ತಿಯಾಗಿ ತೋರಿಸಲಾಗುವುದು.